ಸಂಧಾನಕ್ಕೆ ಕೂರುವವರು ಕಲಿತಿರಬೇಡವೇ?

ಮಗುವಿಗೆ ಜ್ವರ ಬಂದರೆ ಕಲಿಯದವನ ಕೈಯಿಂದ ಸೂಜಿ ಹಾಕಿಸಲು ನೀವು ಒಪ್ಪುವಿರಾ? ಖಂಡಿತ ಇಲ್ಲ. ಆದರೆ ಅದೇ ಮನೆಯ ಮಗಳ ದಾಂಪತ್ಯ ಹದಗೆಟ್ಟಾಗ ಯಾರನ್ನು ಕರೆಯುತ್ತೀರಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಅನೇಕರು ಕಂಡಿರಬಹುದಾದ ನೋಟವಿದು. ಇಶಾ ನಮಾಝಿನ ಬಳಿಕ ಹಿರಿಯರು ಕೂರುತ್ತಾರೆ. ಹುಡುಗನ ಕಡೆಯವರು ಗಟ್ಟಿಯಾಗಿ ಮಾತನಾಡುತ್ತಾರೆ. ಹುಡುಗಿಯ ತಂದೆ ತಲೆ ತಗ್ಗಿಸುತ್ತಾನೆ. ಪರದೆಯ ಹಿಂದಿರುವ ಆಕೆಯನ್ನು ಯಾರೂ ಕೇಳುವುದಿಲ್ಲ. ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ: “ಸಬರ್ ಮಾಡು ಬೇಟಿ, ಗಂಡನ ಮನೆಗೆ ಹೋಗು.” ಎಲ್ಲರೂ ಚಹಾ ಕುಡಿದು ಏಳುತ್ತಾರೆ. ಮರಳಿದ ಮೇಲೆ ಆಕೆಯ ಗತಿ ಏನಾಯಿತೆಂದು ವಿಚಾರಿಸುವವರಾರು?

ಹಿರಿಯರ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಮುನಿದವರನ್ನು ಒಂದುಗೂಡಿಸುವುದು ಮಹಾಪುಣ್ಯದ ಕೆಲಸವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 35ನೆಯ ಸೂಕ್ತವು ಪತಿಯ ಕುಟುಂಬದಿಂದ ಒಬ್ಬರನ್ನೂ ಪತ್ನಿಯ ಕುಟುಂಬದಿಂದ ಒಬ್ಬರನ್ನೂ ನೇಮಿಸಲು ಆದೇಶಿಸುತ್ತದೆ. ಗಮನಿಸಿ, ಎರಡೂ ಕಡೆಗೆ ಸಮಾನ ಸ್ಥಾನ! 2002ರಲ್ಲಿ ಶಮೀಮ್ ಆರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೂಡ ತಲಾಕ್‌ಗೆ ಮುನ್ನ ಇಂತಹ ಇಬ್ಬರು ಮಧ್ಯಸ್ಥರ ಪ್ರಯತ್ನ ನಡೆದಿರಬೇಕೆಂದು ಹೇಳಿತು.

ಆದರೆ ಸದುದ್ದೇಶವೊಂದೇ ಸಾಕೇ? ದಾಸ್ಯದಿಂದ ಬಿಡುಗಡೆ ಹೊಂದಿದ ಬರೀರಾ(ರ) ತಮ್ಮ ಪತಿ ಮುಗೀಸ್‌(ರ)ರನ್ನು ತೊರೆದರು. ಅವರು ಮದೀನಾದ ಬೀದಿಗಳಲ್ಲಿ ಅಳುತ್ತಾ ಆಕೆಯ ಹಿಂದೆ ಸುತ್ತುತ್ತಿದ್ದರು. ಮರಳಿ ಹೋಗಬಾರದೇ ಎಂದು ಪ್ರವಾದಿ(ಸ) ಆಕೆಯನ್ನು ಕೇಳಿದರು. ಇದು ಅಪ್ಪಣೆಯೇ ಎಂದು ಆಕೆ ವಿಚಾರಿಸಿದರು. ಅಲ್ಲ, ಬರಿಯ ಶಿಫಾರಸು ಎಂದರು ಪ್ರವಾದಿ(ಸ). ಆಕೆ ಒಪ್ಪಲಿಲ್ಲ. ಆಕೆಯನ್ನು ಯಾರೂ ಬಲವಂತಪಡಿಸಲಿಲ್ಲ. ಅಲ್ಲಾಹನ ಪ್ರವಾದಿಯೇ ಅಪ್ಪಣೆ ಮಾಡದ ವಿಷಯದಲ್ಲಿ ಅಪ್ಪಣೆ ಮಾಡಲು ನಾವು ಯಾರು?

ಇಂದು ಕುಟುಂಬ ಆಪ್ತಸಲಹೆಯ ತರಬೇತಿಯಲ್ಲಿ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. ಇಬ್ಬರನ್ನೂ ಬೇರೆ ಬೇರೆಯಾಗಿ ಆಲಿಸುವುದು, ಕೇಳಿದ್ದನ್ನು ಅಮಾನತ್ತಿನಂತೆ ಕಾಯುವುದು, ಹೊಡೆತ, ಕುಡಿತ, ಮನೋರೋಗಗಳ ಗುರುತು ಹಿಡಿಯುವುದು, ತಿಂಗಳ ನಂತರ ಮತ್ತೆ ವಿಚಾರಿಸುವುದು, ಇವೆಲ್ಲ ಕಲಿತು ಬರುವ ವಿದ್ಯೆಗಳು. ಹೊಡೆತವಿರುವಲ್ಲಿ ರಾಜಿಗಿಂತ ಮೊದಲು ಆಕೆಯ ರಕ್ಷಣೆಯಾಗಬೇಕು. ಅದಕ್ಕಾಗಿ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಇದೆ. ಅಲ್ಲಿ ಸಬರ್ ಬೋಧಿಸುವುದು ಅನ್ಯಾಯಕ್ಕೆ ನೆರವಾದಂತೆ.

ಸಂಶೋಧನೆಯಿಂದಲೂ ಪಾಠವಿದೆ. ಅಮೆರಿಕದ ಜಾನ್ ಗಾಟ್‌ಮನ್ ದಶಕಗಳ ಕಾಲ ದಂಪತಿಗಳ ಮಾತುಕತೆಯನ್ನು ಗಮನಿಸಿದರು. ಬರಿಯ ಜಗಳಕ್ಕಿಂತ ತಿರಸ್ಕಾರದ ನೋಟ, ಹೀಯಾಳಿಕೆಗಳೇ ಮನೆ ಮುರಿಯುವ ಮುನ್ಸೂಚನೆಯೆಂದು ಕಂಡುಕೊಂಡರು. ಆದರೆ ಪುಣೆ, ಗೋವಾಗಳಿಗೆ ದುಡಿಯಲು ಹೋದ ಗಂಡ, ಅತ್ತೆಯ ಮನೆಯಲ್ಲಿ ಉಳಿದ ಹೆಂಡತಿ, ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಕುಟುಂಬ, ಇವರ ಕಷ್ಟಗಳನ್ನು ನಮ್ಮ ನೆಲದಲ್ಲೇ ಅಭ್ಯಸಿಸಬೇಕು. ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯವಿದೆ, ಅಲ್ಲಿ ಸಮಾಜಕಾರ್ಯವನ್ನು ಕಲಿಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಯ ಸೇವೆಯೂ ತರಬೇತಿಯೂ ಇವೆ. ನಮ್ಮ ಹೆಣ್ಣುಮಕ್ಕಳು ಇದನ್ನು ಕಲಿಯಲು ಮುಂದಾದರೆ ತಡೆಯುವಿರಾ, ಹುರಿದುಂಬಿಸುವಿರಾ?

ಪ್ರತಿಯೊಂದು ಜಮಾಅತ್ ಒಬ್ಬ ಪುರುಷನನ್ನೂ ಒಬ್ಬ ಮಹಿಳೆಯನ್ನೂ ಇದಕ್ಕಾಗಿ ಸಿದ್ಧಗೊಳಿಸಲಿ. ಶಾದಿಮಹಲಿನ ಒಂದು ದಿನದ ಊಟಕ್ಕೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಇದಕ್ಕೆ ತೆಗೆದಿಡಲಾಗದೇ? ಇನ್ನೊಬ್ಬರ ಮನೆಯ ಸಂಧಾನಕ್ಕೆ ಕೂರುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ನಾವು ಈ ಮನೆಯ ಮಾತನ್ನು ಆಲಿಸಲು ಬಂದಿದ್ದೇವೆಯೇ, ಬೇಗ ಮುಗಿಸಿ ಏಳಲು ಬಂದಿದ್ದೇವೆಯೇ? ಪರದೆಯ ಹಿಂದಿನ ಆ ಮೌನದ ಬಗ್ಗೆಯೂ ನಾಳೆ ಅಲ್ಲಾಹನ ಮುಂದೆ ನಾವು ಉತ್ತರಿಸಬೇಕಾಗಿದೆ.