ಹಳೆಯ ಧ್ವನಿವರ್ಧಕವೂ ಜೀರ್ಣೋದ್ಧಾರದ ಧರ್ಮವೂ

ಜೀರ್ಣೋದ್ಧಾರವೆಂಬ ಮಾತನ್ನು ಕೇಳಿದೊಡನೆ ದೇವಾಲಯವೊ ಕೆರೆಯೊ ಮನಸ್ಸಿಗೆ ಬರುವುದು ಸಹಜ. ಆದರೆ ಮನುಷ್ಯನ ಕೈಯಿಂದಾದ ವಸ್ತುಗಳಲ್ಲಿ ಜೀರ್ಣವಾಗದಿರುವುದು ಯಾವುದೂ ಇಲ್ಲ. ಆದುದರಿಂದ ಅವುಗಳಲ್ಲಿ ಯಾವುದನ್ನು ಉಳಿಸಹೊರಟರೂ ಒಂದೇ ಪ್ರಶ್ನೆ ಎದುರಾಗುತ್ತದೆ. ಹಳೆಯದನ್ನು ಉದ್ಧರಿಸುವವನು ಯಾವುದಕ್ಕೆ ನಿಷ್ಠನಾಗಿರಬೇಕು? ವಸ್ತುವಿನ ದೇಹಕ್ಕೆ ಎಂದು ಕೆಲವರು, ಅದನ್ನು ಮಾಡಿದವನ ಉದ್ದೇಶಕ್ಕೆ ಎಂದು ಕೆಲವರು. ತನ್ನ ರುಚಿಗೆ ಎಂದು ಬಾಯಿಬಿಟ್ಟು ಹೇಳುವವರು ಕಡಮೆಯಾದರೂ ಹಾಗೆ ನಡೆಯುವವರೇ ಹೆಚ್ಚು. ದೇವಾಲಯದ ವಿಷಯದಲ್ಲಿ ಈ ಪ್ರಶ್ನೆಯನ್ನೆತ್ತಿದರೆ ಭಕ್ತಿ, ಸಂಪ್ರದಾಯ, ಹಣ ಎಲ್ಲವೂ ಸೇರಿ ವಿಚಾರವು ತೊಡಕಾಗುತ್ತದೆ. ಅಲ್ಪವಾದ ವಸ್ತುವೊಂದನ್ನು ತೆಗೆದುಕೊಂಡರೆ ಧರ್ಮದ ಎಳೆ ಸ್ಪಷ್ಟವಾಗಿ ಕಾಣಬಹುದು. ಸಂಗೀತವನ್ನು ಕೇಳುವುದಕ್ಕಾಗಿ ಚಿಕ್ಕ ಕೊಠಡಿಯಲ್ಲಿ ಇಟ್ಟುಕೊಳ್ಳುವ ಹಳೆಯ ಧ್ವನಿವರ್ಧಕವು ಅಂತಹ ವಸ್ತು.

ತಂತಿಯ ಸುರುಳಿಯೊಂದನ್ನು ಅಯಸ್ಕಾಂತದ ಸೆಳೆತದಲ್ಲಿ ತೂಗಿಸಿ, ಅದಕ್ಕೆ ಕಾಗದದ ಶಂಕುವನ್ನು ಅಂಟಿಸಿ, ವಿದ್ಯುತ್ತಿನಿಂದ ಅದನ್ನು ಕಂಪಿಸುವ ಕ್ರಮವನ್ನು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್, ಎಡ್ವರ್ಡ್ ಕೆಲಾಗ್ ಎಂಬಿಬ್ಬರು 1925ರಲ್ಲಿ ವಿಶದಪಡಿಸಿದರು. ಇಂದಿನ ಧ್ವನಿವರ್ಧಕಗಳಲ್ಲಿ ಬಹುಪಾಲು ಆ ವಂಶದವೇ. ಆದರೆ ಮಂದ್ರಸ್ವರವು ತುಂಬಾಗಿ ಬರಬೇಕಾದರೆ ಪೆಟ್ಟಿಗೆಯು ಬಹಳ ದೊಡ್ಡದಾಗಿರಬೇಕೆಂಬ ತೊಂದರೆ ಬಹುಕಾಲ ಉಳಿದಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತನು ಹೆನ್ರಿ ಕ್ಲಾಸ್‌ನೊಡನೆ ಸೇರಿ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ, ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಪೆಟ್ಟಿಗೆಯಿಂದ ಗಂಭೀರವಾದ ಮಂದ್ರವನ್ನು ಹೊರಡಿಸಿದ್ದು ಅವನ ಸಾಧನೆ. 1958ರಲ್ಲಿ ಬಂದ ಎ.ಆರ್.-3 ಎಂಬ ಮಾದರಿಯನ್ನು ಸಭಿಕರ ಮುಂದೆ ವಿಚಿತ್ರವಾದ ಪರೀಕ್ಷೆಗೆ ಒಡ್ಡಿದರು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರು ತಂತೀವಾದ್ಯಗಾರರ ಮೇಳವು ವೇದಿಕೆಯ ಮೇಲೆ ನುಡಿಸುತ್ತಿರುವುದು. ನಡುವೆ ಅವರು ಕಮಾನನ್ನು ಬರಿದೆ ಆಡಿಸುತ್ತ ಸುಮ್ಮನಾಗುವರು. ಮೊದಲೇ ಮುದ್ರಿಸಿದ ಅವರದೇ ವಾದನವನ್ನು ಪೆಟ್ಟಿಗೆಗಳು ಮುಂದುವರಿಸುವುವು. ಎಲ್ಲಿ ಕೈ ನಿಂತಿತು, ಎಲ್ಲಿ ಯಂತ್ರ ತೊಡಗಿತು ಎಂಬುದು ಕೇಳುವವರಲ್ಲಿ ಅನೇಕರಿಗೆ ತಿಳಿಯಲಿಲ್ಲ. ಮಾಡಿದವನ ಉದ್ದೇಶವು ಇದಕ್ಕಿಂತ ಸ್ಪಷ್ಟವಾಗಿ ಪ್ರಕಟವಾಗಲಾರದು. ತಾನು ಕೇಳಿಸದೆ ವಾದ್ಯವನ್ನು ಕೇಳಿಸುವುದೇ ಈ ಪೆಟ್ಟಿಗೆಯ ಸ್ವಧರ್ಮ.

ಇಂತಹ ಪೆಟ್ಟಿಗೆಗೆ ಮುಪ್ಪು ಬಂದಾಗ ಎಲ್ಲ ಅಂಗಗಳೂ ಸಮನಾಗಿ ಸವೆಯುವುದಿಲ್ಲ. ಮರವೂ ಅಯಸ್ಕಾಂತವೂ ಬಹುಕಾಲ ಗಟ್ಟಿಯಾಗಿರಬಲ್ಲವು. ಎ.ಆರ್.-3ಎ ಮುಂತಾದ ಮಾದರಿಗಳ ಹಲವು ಪೆಟ್ಟಿಗೆಗಳಲ್ಲಿ ಶಂಕುವಿನ ಅಂಚನ್ನು ಚೌಕಟ್ಟಿಗೆ ಸೇರಿಸುವ, ಪಾಲಿಯುರಿಥೇನಿನಿಂದಾದ ಸ್ಪಂಜಿನಂತಹ ಬಳೆಯು ಹವೆಯ ತೇವಕ್ಕೂ ಆಮ್ಲಜನಕಕ್ಕೂ ಸಿಕ್ಕಿ, ಕಾಲಕ್ರಮದಲ್ಲಿ ಮುಟ್ಟಿದರೆ ಪುಡಿಯಾಗುವಂತಾಗುತ್ತದೆ. ಉಚ್ಚಸ್ವರವನ್ನೂ ಮಂದ್ರವನ್ನೂ ಬೇರ್ಪಡಿಸಿ ಹಂಚುವ ಕೆಪಾಸಿಟರುಗಳ ಅಳತೆಯು ಜಾರುತ್ತದೆ. ಉಚ್ಚಸ್ವರವನ್ನು ಹೆಚ್ಚುಕಡಮೆ ಮಾಡುವ ಹಿಂಬದಿಯ ತಿರುಗುಗುಂಡಿಯ ಒಳಗೆ ಕಿಲುಬು ಕಟ್ಟುತ್ತದೆ. ಜೋಡಿಯ ಎರಡು ಪೆಟ್ಟಿಗೆಗಳೂ ಒಂದೇ ಬಗೆಯಾಗಿ ಕೆಡುವುದಿಲ್ಲವಾದುದರಿಂದ, ಇವೆರಡರ ನಡುವೆ ನಿಂತಂತೆ ಕೇಳಬೇಕಾದ ಗಾಯಕನು ಒಂದು ಪಕ್ಕಕ್ಕೆ ವಾಲುತ್ತಾನೆ. ಹೀಗಿರುವಾಗ ಮಾಡತಕ್ಕದ್ದೇನು?

ಏನನ್ನೂ ಮುಟ್ಟಬಾರದು, ಇದ್ದಂತೆ ಇರಲಿ ಎಂಬುದು ಒಂದು ಪಕ್ಷ. ಹೊಸ ಬಳೆಯನ್ನು ಅಂಟಿಸಿದ ಮೇಲೆ ಅದು ಹಳೆಯ ವಸ್ತುವಲ್ಲವೆಂದು ಇವರ ವಾದ. ವಸ್ತುಸಂಗ್ರಹಾಲಯದಲ್ಲಿ ಈ ನಿಯಮವು ಸಾಧುವೇ; ಅಲ್ಲಿ ವಸ್ತುವು ಸಾಕ್ಷಿಯಾಗಿ ನಿಂತಿದೆ, ದುಡಿಯುವುದಕ್ಕಲ್ಲ. ಮನೆಯಲ್ಲಿ ಈ ನಿಯಮವು ನಿಲ್ಲದು. ವೀಣೆಯ ಮೆಟ್ಟಿಲುಗಳನ್ನು ಹಿಡಿದಿರುವ ಮೇಣವು ಒಣಗಿ ಸಡಿಲವಾದಾಗ ಅದನ್ನು ತೆಗೆದು ಹೊಸದಾಗಿ ಕಟ್ಟಿಸುತ್ತಾರೆ. ತಂತಿಗಳನ್ನಂತೂ ಎಷ್ಟು ಸಲ ಬದಲಾಯಿಸಿದರೆಂಬ ಲೆಕ್ಕವೇ ಇರುವುದಿಲ್ಲ. ಆದರೂ ಅದು ಅಜ್ಜಿಯ ವೀಣೆಯೆಂದೇ ಮೊಮ್ಮಗಳು ನುಡಿಸುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ. ಸವೆಯುವುದಕ್ಕೆಂದೇ ಇರುವ ಅಂಗಗಳು ಬೇರೆ, ವಸ್ತುವಿಗೆ ಅದರತನವನ್ನು ಕೊಡುವ ಅಂಗಗಳು ಬೇರೆ. ದೇಹವನ್ನು ಕಾಯುವ ನೆಪದಲ್ಲಿ ನುಡಿಯನ್ನು ನಿಲ್ಲಿಸುವುದು ನಿಷ್ಠೆಯಾಗಲಾರದು.

ಎರಡನೆಯ ಪಕ್ಷವು ಇದಕ್ಕೆ ವಿರುದ್ಧ. ಹೇಗೂ ಬಿಚ್ಚಿದ್ದಾಯಿತು, ಇಂದಿನ ಉತ್ತಮ ಸಾಮಗ್ರಿಯನ್ನು ಹಾಕಿ ಹಿಂದಿನವನ ಕೊರತೆಯನ್ನು ತುಂಬೋಣ ಎಂದು ಇವರು ಹೇಳುವರು. ಈ ವಾದದಲ್ಲಿ ಔದಾರ್ಯವು ಕಾಣುತ್ತದೆ; ಅದರ ಹಿಂದೆ ಅಹಂಕಾರವು ಅಡಗಿರಬಹುದು. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನಲ್ಲಿ ಅಲ್ಪಸ್ವಲ್ಪ ವಿದ್ಯುತ್ ನಿರೋಧವು ಹುಟ್ಟಿನಿಂದಲೇ ಇರುತ್ತದೆ. ಇಂದಿನ ಫಿಲ್ಮ್ ಕೆಪಾಸಿಟರಿನಲ್ಲಿ ಅದು ಬಹಳ ಕಡಮೆ. ಮೂಲಶಿಲ್ಪಿಯು ಆ ನಿರೋಧವನ್ನೂ ಕೂಡಿಸಿಕೊಂಡು ಸ್ವರಗಳ ತೂಕವನ್ನು ನಿರ್ಣಯಿಸಿದ್ದರೆ, ಉತ್ತಮವೆಂದು ಹಾಕಿದ ಹೊಸ ಅಂಗದಿಂದಲೇ ಉಚ್ಚಸ್ವರವು ಮೇಲೇರಿ ತೂಕವು ತಪ್ಪುವುದು. ಅಂಗವು ಮೇಲು, ಅಂಗಿಯು ಕೀಳು ಎಂಬಂತಾಗುವುದು.

ಇಂಗ್ಲೆಂಡಿನ ಬಿ.ಬಿ.ಸಿ.ಯವರು 1970ರ ದಶಕದಲ್ಲಿ, ಪ್ರಸಾರದ ವಾಹನದಂತಹ ಇಕ್ಕಟ್ಟಾದ ಸ್ಥಳಕ್ಕಾಗಿ ರೂಪಿಸಿದ ಎಲ್.ಎಸ್. 3/5ಎ ಎಂಬ ಧ್ವನಿವರ್ಧಕವು ಈ ಮಾತಿಗೆ ಒಳ್ಳೆಯ ನಿದರ್ಶನ. ಅದರ ಎತ್ತರ ಸುಮಾರು 30 ಸೆಂಟಿಮೀಟರು ಮಾತ್ರ. ಅದನ್ನು ತಯಾರಿಸಲು ಹಲವು ಸಂಸ್ಥೆಗಳಿಗೆ ಅನುಮತಿಯಿತ್ತರೂ, ಯಾರು ಮಾಡಿದ್ದಾದರೂ ಗೊತ್ತಾದ ಅಳತೆಗೆ ಸರಿಹೊಂದಬೇಕೆಂದು ಕಟ್ಟುಮಾಡಿದರು. ಒಂದೆಡೆ ಕೇಳಿ ಕೊಟ್ಟ ತೀರ್ಪು ಇನ್ನೊಂದೆಡೆಯೂ ನಿಲ್ಲಬೇಕಾದರೆ ಈ ಏಕರೂಪತೆಯು ಬೇಕು. ಹೀಗೆ ಅಳತೆಯೆಂಬುದು ಅಲ್ಲಿ ಒಂದು ವಚನ. ತನ್ನ ಕಿವಿಗೆ ಹಿತವೆಂದು ಅದನ್ನು ಒಳಗಿನಿಂದ ತಿದ್ದಿ, ಹೊರಗೆ ಹಳೆಯ ಹೆಸರಿನ ಫಲಕವನ್ನೇ ಉಳಿಸುವವನು ಬೇರೆಯವರು ಕೊಟ್ಟ ಮಾತನ್ನು ಮುರಿದು ಅವರ ರುಜುವನ್ನು ಉಳಿಸಿಕೊಂಡಂತೆ.

ಹಾಗಾದರೆ ರುಚಿಗೆ ಅವಕಾಶವೇ ಇಲ್ಲವೆ? ಇದೆ, ಅದು ಕೊಠಡಿಯಲ್ಲಿದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂದು ಗಾದೆ. ಧ್ವನಿವರ್ಧಕದ ವಿಷಯದಲ್ಲಿ ಗಾದೆಯು ತಿರುಗುಮುರುಗಾಗುತ್ತದೆ. ನೆಲವೇ ಡೊಂಕಾಗಿರುವಾಗ ಕುಣಿಯುವವಳನ್ನು ದೂರುವುದೇ ಇಲ್ಲಿ ಹೆಚ್ಚು. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 343 ಮೀಟರು. 4 ಮೀಟರು ಉದ್ದದ ಕೊಠಡಿಯಲ್ಲಿ, ಸೆಕೆಂಡಿಗೆ ಸುಮಾರು 43 ಕಂಪನಗಳುಳ್ಳ ಸ್ವರದ ಅಲೆಯು ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಆ ಸ್ವರವು ಗೋಡೆಯ ಬಳಿ ಗುಡುಗುತ್ತದೆ, ಕೊಠಡಿಯ ನಡುವೆ ಕುಳಿತವನಿಗೆ ಬಹಳ ಕ್ಷೀಣವಾಗಿ ಕೇಳುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ಒತ್ತಿದಷ್ಟೂ ಮಂದ್ರವು ಉಬ್ಬುತ್ತದೆ. ಪಕ್ಕದ ಗೋಡೆಗೆ ತಾಗಿ ಬರುವ ಪ್ರತಿಧ್ವನಿಯು ಮೂಲಧ್ವನಿಯ ಬೆನ್ನಿಗೇ ಬಂದು ಅದನ್ನು ಕಲಕುತ್ತದೆ; ಗೋಡೆಯ ಮೇಲೆ ಕನ್ನಡಿಯನ್ನು ಸರಿಸುತ್ತ ಹೋದರೆ, ಕೇಳುವವನಿಗೆ ಪೆಟ್ಟಿಗೆಯು ಎಲ್ಲಿ ಪ್ರತಿಬಿಂಬಿಸುವುದೊ ಅಲ್ಲೇ ಆ ಪ್ರತಿಧ್ವನಿಯ ತಾಣ. ಅಲ್ಲಿ ಪುಸ್ತಕದ ಕಪಾಟನ್ನಿಡಬಹುದು, ದಪ್ಪ ಬಟ್ಟೆಯನ್ನು ಇಳಿಬಿಡಬಹುದು. ನೆಲಕ್ಕೆ ಜಮಖಾನೆ ಹಾಸಬಹುದು. ಎರಡು ಪೆಟ್ಟಿಗೆಗಳೂ ಕುರ್ಚಿಯೂ ತ್ರಿಕೋನದ ಮೂರು ತುದಿಗಳಾಗುವಂತೆ ಸರಿಸಿ ನೋಡಬಹುದು. ಒಂದು ಗೇಣು ಸರಿಸಿದರೆ ಹೋಗುವ ದೋಷಕ್ಕಾಗಿ ಹಳೆಯ ಪೆಟ್ಟಿಗೆಯ ಒಡಲನ್ನು ಕೊಯ್ದವರುಂಟು. ತನ್ನ ಸ್ಥಳವನ್ನು ಪರೀಕ್ಷಿಸಿಕೊಳ್ಳದೆ ಪರರ ಕೃತಿಯನ್ನು ತಿದ್ದಹೊರಡುವುದು ಅವಿವೇಕ ಮಾತ್ರವಲ್ಲ, ಅನ್ಯಾಯವೂ ಹೌದು.

ಈ ವಿಚಾರದಿಂದ ತೇಲುವ ತತ್ತ್ವವನ್ನು ಹಿರಿಯರ ಮಾತಿನಲ್ಲಿ ಋಣವೆನ್ನಬಹುದು. ಉದ್ಧರಿಸುವವನ ಮೇಲೆ ಮೂರು ಋಣಗಳಿವೆ. ಹಾಡಿದವನ ಋಣ ಮೊದಲನೆಯದು. ಪೆಟ್ಟಿಗೆಯು ಇರುವುದೇ ಅವನ ದನಿಗಾಗಿ, ಆದುದರಿಂದ ಮೂಕವಾಗಿರುವುದನ್ನು ನುಡಿಸಲೇಬೇಕು. ಮಾಡಿದವನ ಋಣ ಎರಡನೆಯದು. ಹೊಸ ಬಳೆಯು ಹಳೆಯದರಷ್ಟೇ ಮೃದುವಾಗಿರಬೇಕು, ಹೊಸ ಕೆಪಾಸಿಟರು ಮೂಲದ ಅಳತೆಯನ್ನು ಮೀರಬಾರದು, ಜೋಡಿಯಲ್ಲಿ ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡಬೇಕು. ಮುಂದೆ ಕೇಳುವವನ ಋಣ ಮೂರನೆಯದು. ತೆಗೆದ ಅಂಗಗಳನ್ನು ಎಸೆಯದೆ ಕಟ್ಟಿಡಬೇಕು, ಮಾಡಿದ ಬದಲಾವಣೆಯನ್ನು ಬರೆದು ಪೆಟ್ಟಿಗೆಯೊಡನೆ ಇಡಬೇಕು, ಮಾರುವಾಗ ಮರೆಮಾಚದೆ ಹೇಳಬೇಕು.

ಋಣಗಳು ಒಂದಕ್ಕೊಂದು ಅಡ್ಡಬರುವ ಸಂದರ್ಭವೂ ಉಂಟು. ಉಚ್ಚಸ್ವರದ ಅಂಗವೇ ಸುಟ್ಟುಹೋಗಿ, ಅದರಂತಹುದು ಎಲ್ಲಿಯೂ ತಯಾರಾಗದಿರುವಾಗ, ಚೆನ್ನಾಗಿರುವ ಇನ್ನೊಂದು ಜೋಡಿಯನ್ನು ಕೊಂಡು ಒಡೆದು ಅದರಿಂದ ಅಂಗವನ್ನು ತೆಗೆಯುವವರಿದ್ದಾರೆ. ಒಂದರ ಉದ್ಧಾರಕ್ಕೆ ಇನ್ನೊಂದರ ಬಲಿ! ತನ್ನದು ಪೂರ್ಣವಾಯಿತೆಂಬ ತೃಪ್ತಿಗಾಗಿ ಮುಂದಿನವನ ಪಾಲನ್ನು ಕಸಿದ ಈ ಕಾರ್ಯಕ್ಕೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲದು. ಅಲ್ಲಿ ಬೇರೆ ಜಾತಿಯ ಅಂಗವನ್ನು ಹಾಕಿ, ಹಾಕಿದ್ದೇನೆಂದು ಒಪ್ಪಿಕೊಳ್ಳುವುದೇ ಲೇಸು. ಅಪೂರ್ಣವಾದರೂ ಬಿಚ್ಚುಮನಸ್ಸಿನಿಂದ ಮಾಡಿದ ಕೆಲಸವು ಮುಚ್ಚಿಟ್ಟ ಪೂರ್ಣತೆಗಿಂತ ಮೇಲು.

ಪೆಟ್ಟಿಗೆಯ ಸ್ವಧರ್ಮವು ತಾನು ಮರೆಯಾಗಿ ಸಂಗೀತವನ್ನು ಮುಂದಿಡುವುದು. ಅದನ್ನು ಉದ್ಧರಿಸುವವನ ಧರ್ಮವೂ ಅದಕ್ಕಿಂತ ಬೇರೆಯಾಗಲಾರದು. ಹಾಡು ಕೇಳುತ್ತಿರುವಾಗ ಶಿಲ್ಪಿಯ ನೆನಪಾಗಲಿ, ತಿದ್ದಿದವನ ಹೆಸರಾಗಲಿ ಯಾರ ಮನಸ್ಸಿಗೂ ಬಾರದಿದ್ದರೆ, ಆ ಕೊಠಡಿಯಲ್ಲಿ ಮೂರು ಋಣಗಳೂ ಸಂದುವೆಂದು ತಿಳಿಯಬಹುದು.