ಐವತ್ತೆಂಟರವರೆಗೆ ಕಾಯಬೇಕಾದವಳು ಯಾರು?

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಮಿಷನ್ ಬಿಟ್ಟು ಎದ್ದು ಹೊಸೂರು ರಸ್ತೆಯಲ್ಲಿ ಕೂತರು. ಮಾರನೆಯ ದಿನ ಆ ಕಾವು ಜಾಲಹಳ್ಳಿ ಕ್ರಾಸಿಗೂ ಮುಟ್ಟಿತು, ನಮ್ಮ ಹೆಬ್ಬಗೋಡಿಗೂ ಮುಟ್ಟಿತು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಇಲ್ಲಿನ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿತ್ತು, ವಾಹನಗಳು ಉರಿದವು. ಬೆಂಕಿಯನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಆ ಸಿಟ್ಟಿನ ಒಳಗಿದ್ದ ಪ್ರಶ್ನೆ ಬರೀ ದುಡ್ಡಿನದಲ್ಲ, ಧರ್ಮದ್ದು. ಅದನ್ನು ಯಾರೂ ಧರ್ಮದ ಪ್ರಶ್ನೆಯಾಗಿ ಎತ್ತಿಕೊಳ್ಳಲಿಲ್ಲ ಎಂಬ ಕೊರಗು ನನಗಿದೆ.

ನಾನು ಬೊಮ್ಮಸಂದ್ರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ಈಗ ಹೆಬ್ಬಗೋಡಿಯ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಬಿಡುವಾದಾಗ ವಚನಗಳನ್ನು ಓದುತ್ತೇನೆ.

ಆ ಸಿಟ್ಟಿಗೆ ಕಾರಣ ಇದು: 2016ರ ಫೆಬ್ರುವರಿ 10ರಂದು ಕೇಂದ್ರ ಸರ್ಕಾರ ಪಿಎಫ್ (ಭವಿಷ್ಯ ನಿಧಿ) ನಿಯಮ ಬದಲಿಸಿತ್ತು. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಕೂತವರು ಪೂರ್ತಿ ಹಣ ತೆಗೆದುಕೊಳ್ಳಬಹುದಿತ್ತು. ಹೊಸ ನಿಯಮದ ಪ್ರಕಾರ ತಮ್ಮ ಪಾಲು, ಅದರ ಬಡ್ಡಿ ಮಾತ್ರ ಕೈಗೆ; ಮಾಲೀಕರು ಕಟ್ಟಿದ ಪಾಲು ಐವತ್ತೆಂಟು ತುಂಬಿದ ಮೇಲೆ. ಮುಪ್ಪಿಗೆ ಆಸರೆಯಾಗಲಿ ಎಂಬುದೇ ಉದ್ದೇಶ ಎಂದರು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಅದು ಯಾರ ಮುಪ್ಪನ್ನು ನೋಡಿ ಬರೆದ ನಿಯಮ?

ಗಾರ್ಮೆಂಟ್ಸ್ ಲೈನಿನಲ್ಲಿ ಮುಪ್ಪು ನಲವತ್ತಕ್ಕೇ ಬರುತ್ತದೆ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ತಲೆಯ ಮೇಲಿರುತ್ತದೆ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ನೀರನ್ನೇ ಕುಡಿಯದವರು ನನ್ನ ಪಕ್ಕದ ಮಿಷನ್‌ನಲ್ಲೇ ಇದ್ದರು. ಸೊಂಟ ಹಿಡಿದುಕೊಳ್ಳುತ್ತದೆ, ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದೆ ಬರುತ್ತದೆ. ಆಗ ಮಗನ ವಯಸ್ಸಿನ ಸೂಪರ್‌ವೈಸರ್ ಎಲ್ಲರ ಎದುರಿಗೆ, "ಏನಮ್ಮ, ವಯಸ್ಸಾಯ್ತಲ್ಲ, ಮನೇಲಿರಬಾರದಾ?" ಅನ್ನುತ್ತಾನೆ. ಅದೇ ಫ್ಲೋರಿನಲ್ಲಿ ಅವಳ ವಯಸ್ಸಿನ ಗಂಡಸು ಕುರ್ಚಿಯ ಮೇಲೆ ಕೂತು ಲೆಕ್ಕ ಬರೆಯುತ್ತಿರುತ್ತಾನೆ. ಅವನಿಗೆ ವಯಸ್ಸು ಅನುಭವ ಅನ್ನಿಸಿಕೊಳ್ಳುತ್ತದೆ. ಹೀಗೆ ಒಂದೇ ವರ್ಷದಲ್ಲಿ ಹುಟ್ಟಿದ ಇಬ್ಬರಿಗೆ ಎರಡು ವಯಸ್ಸು.

ಪಿಎಫ್ ಎಂದರೆ ಈ ಹೆಂಗಸರಿಗೆ ಪಿಂಚಣಿಯಲ್ಲ. ಮಗಳ ಕಾಲೇಜು ಫೀಸು, ಅತ್ತೆಯ ಆಪರೇಷನ್ನು, ಊರಿನಲ್ಲಿ ಲಿಂಟಲ್‌ವರೆಗೆ ಎದ್ದು ನಿಂತ ಮನೆ. ಗಂಡ ಕುಡಿಯುವವನಾದರೆ ಅವನ ಕೈಗೆ ಸಿಗದೆ ಉಳಿದ ಒಂದೇ ದುಡ್ಡು ಅದು. ಅದಕ್ಕಾಗಿ ಎಷ್ಟೋ ಜನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹಣ ತೆಗೆದು, ಇನ್ನೊಂದು ಫ್ಯಾಕ್ಟರಿಗೆ ಹೊಸಬರಂತೆ ಸೇರುತ್ತಾರೆ. 1972ರ ಗ್ರಾಚ್ಯುಟಿ ಕಾಯ್ದೆ ಕೇಳಿದ್ದು ಐದು ವರ್ಷ ಒಂದೇ ಕಡೆಯ ಸೇವೆ. ಅದು ಮುರಿಯುತ್ತದೆ, ಗ್ರಾಚ್ಯುಟಿಯೂ ಹೋಗುತ್ತದೆ. ಇದು ಅವರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ಮಾಡುತ್ತಾರೆ, ಬೇರೆ ದಾರಿ ಇಲ್ಲದೆ.

ನಮ್ಮ ಹಳೆಯ ಶಾಸ್ತ್ರಗಳು ಬದುಕನ್ನು ನಾಲ್ಕು ಆಶ್ರಮಗಳಾಗಿ ಭಾಗ ಮಾಡಿದವು: ಓದುವ ಕಾಲ, ಸಂಸಾರದ ಕಾಲ, ಕಾಡಿಗೆ ಸರಿಯುವ ಕಾಲ, ಎಲ್ಲ ಬಿಡುವ ಕಾಲ. ಅದು ಗಂಡಸಿನ ಆಯಸ್ಸಿನ ಲೆಕ್ಕ. ಹೆಂಗಸಿಗೆ ಮನುಸ್ಮೃತಿ ಕೊಟ್ಟಿದ್ದು ಬೇರೆ ಲೆಕ್ಕ: ಬಾಲ್ಯದಲ್ಲಿ ತಂದೆ, ಯೌವನದಲ್ಲಿ ಗಂಡ, ಮುಪ್ಪಿನಲ್ಲಿ ಮಗ. ಅವಳ ವಯಸ್ಸು ಬದಲಾದಂತೆ ಬದಲಾಗುವುದು ಕಾಯುವವನು ಮಾತ್ರ. ಫೆಬ್ರುವರಿಯ ಆ ಆದೇಶದಲ್ಲಿ ನನಗೆ ಕಂಡಿದ್ದು ಅದೇ ದನಿ. ನಿನ್ನ ದುಡ್ಡನ್ನು ನಿನಗಿಂತ ಚೆನ್ನಾಗಿ ನಾವು ಕಾಯುತ್ತೇವೆ, ನೀನು ತಾಳಿಕೋ.

ತಾಳಿಕೋ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು.

ಆ ಗಲಾಟೆ ತಣ್ಣಗಾದ ಮೇಲೆ ಒಂದು ಪ್ರವಚನಕ್ಕೆ ಹೋಗಿದ್ದೆ. ಅಲ್ಲಿ ಹೇಳಿದವರು ಆಯ್ದಕ್ಕಿ ಲಕ್ಕಮ್ಮನ ಕತೆ ಎತ್ತಿದರು. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಇಟ್ಟುಕೊಳ್ಳದೆ ವಾಪಸು ಕಳಿಸಿದಳು. "ನಮ್ಮ ಶರಣೆಯರು ನಾಳೆಗೆಂದು ಒಂದು ಹಿಡಿ ಅಕ್ಕಿಯ ಆಸೆಪಡಲಿಲ್ಲ, ಇಂದಿನ ಹೆಂಗಸರು ದುಡ್ಡಿಗಾಗಿ ಬೀದಿಗಿಳಿದರು" ಎಂದು ಅವರು ಮಾತು ಮುಗಿಸಿದರು. ಸಭೆ ತಲೆದೂಗಿತು.

ಆ ಕತೆಯನ್ನು ಹಾಗೆ ಓದಲು ನನ್ನಿಂದಾಗದು. ವಾಪಸು ಕಳಿಸುವ ತೀರ್ಮಾನ ಯಾರದು? ಲಕ್ಕಮ್ಮನದು. ಎಷ್ಟು ಸಾಕು ಎಂದು ಹೇಳಿದವಳು ಅವಳು, ಕೇಳಿದವನು ಗಂಡ. ಅವಳ ಅಕ್ಕಿಯನ್ನು ಬೇರೆ ಯಾರೋ ಕಣಜದಲ್ಲಿಟ್ಟು ಬೀಗ ಹಾಕಿ, ತಲೆ ನೆರೆತ ಮೇಲೆ ಬಾ ಅಂದಿರಲಿಲ್ಲ. ಕೈಯಲ್ಲಿದ್ದದ್ದನ್ನು ತಾನಾಗಿ ಬಿಟ್ಟರೆ ತ್ಯಾಗ. ಕೈಗೇ ಬಾರದ್ದನ್ನು ಬಿಟ್ಟೆ ಎಂದು ಹೇಳಿಸುವುದು ಮೋಸ. ಅದೇ ಶರಣರ ನಡುವೆ ನೂಲು ತೆಗೆದು ಬದುಕಿದ ಕದಿರ ರೆಮ್ಮವ್ವೆಯೂ ಇದ್ದಳು. ತನ್ನ ರಾಟೆಯನ್ನೇ ವಚನಕ್ಕೆ ತಂದಳು. ಬಟ್ಟೆಯ ಕೆಲಸದವಳೊಬ್ಬಳಿಗೆ ತನ್ನ ಕೆಲಸದ ಅರ್ಥವನ್ನು ತಾನೇ ಹೇಳುವ ಅಧಿಕಾರ ಹನ್ನೆರಡನೆಯ ಶತಮಾನದಲ್ಲೇ ಸಿಕ್ಕಿತ್ತು. ಕಾಯಕವೇ ಕೈಲಾಸ ಎಂಬ ಬೋರ್ಡು ಎಷ್ಟೋ ಗೇಟುಗಳ ಮೇಲಿದೆ. ಆ ಗೇಟಿನ ಒಳಗೆ ಕಾಯಕ ಮಾಡುವವಳ ಮಾತಿಗೆ ಜಾಗವಿಲ್ಲದಿದ್ದರೆ ಅದು ದುಡಿಮೆ ಹಿಂಡುವ ಘೋಷಣೆ, ಶರಣರ ಮಾತಲ್ಲ.

ಏಪ್ರಿಲ್ 19ರಂದೇ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಅಂದಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಹಳೆಯ ನಿಯಮವೇ ಇರುತ್ತದೆ ಎಂದರು. ದೇಶದ ದೊಡ್ಡ ದೊಡ್ಡ ಕಾರ್ಮಿಕ ಸಂಘಗಳ ಕೈಯಲ್ಲಿ ಆಗದ್ದನ್ನು ಹೆಸರಿಲ್ಲದ ಹೆಂಗಸರು ಎರಡು ದಿನದಲ್ಲಿ ಮಾಡಿದರು. ಅವರಲ್ಲಿ ಬಹಳ ಮಂದಿ ಮರುದಿನದಿಂದ ಮತ್ತೆ ಅದೇ ಮಿಷನ್ ಮುಂದೆ ಕೂತರು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಪಿಎಫ್‌ನ ಕೇಂದ್ರ ಮಂಡಳಿ, ಕೆಲಸ ಹೋದವರು ಪೂರ್ತಿ ಹಣಕ್ಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕೆಂದು ತೀರ್ಮಾನಿಸಿತು. ಮುಕ್ಕಾಲು ಪಾಲು ಕೂಡಲೇ ಸಿಗುತ್ತದೆ, ಕಾಲು ಪಾಲು ಮಾತ್ರ ಉಳಿಯುತ್ತದೆ ಎನ್ನುತ್ತಾರೆ. 2016ಕ್ಕಿಂತ ಇದು ಮೆತ್ತಗಿನದು, ಒಪ್ಪುತ್ತೇನೆ. ಆದರೂ ಕಾಯುವವಳು ಅವಳೇ, ಎಷ್ಟು ದಿನವೆಂದು ಹೇಳುವವರು ಇನ್ಯಾರೋ.

ಮುಪ್ಪಿಗೆ ಉಳಿತಾಯ ಬೇಡವೆಂದು ನಾನು ಹೇಳುತ್ತಿಲ್ಲ. ಮುಪ್ಪಿನವರೆಗೂ ಕೆಲಸ ಕೊಡಿ, ಸೊಂಟ ಉಳಿಯುವಂಥ ಟಾರ್ಗೆಟ್ ಇಡಿ, ಮಗಳ ಫೀಸು ತಿಂಗಳ ಸಂಬಳದಲ್ಲೇ ಕಟ್ಟುವಂತಾಗಲಿ. ಆಗ ಯಾರೂ ಪಿಎಫ್ ಮುಟ್ಟುವುದಿಲ್ಲ. ಇನ್ನು ಮುಂದೆ ನಿಯಮ ಬರೆಯುವವರಲ್ಲಿ ನನ್ನದೊಂದೇ ಕೋರಿಕೆ. ಐವತ್ತೆಂಟು ಎಂದು ಬರೆಯುವ ಮೊದಲು ಹೆಬ್ಬಗೋಡಿಗೋ ಪೀಣ್ಯಕ್ಕೋ ಬನ್ನಿ. ಯಾವುದಾದರೂ ಗಾರ್ಮೆಂಟ್ಸ್ ಫ್ಲೋರಿನಲ್ಲಿ, ಮಿಷನ್ ಮುಂದೆ ಕೂತ ಐವತ್ತೆಂಟು ವರ್ಷದ ಹೆಂಗಸರು ಎಷ್ಟು ಮಂದಿ ಇದ್ದಾರೆಂದು ನೀವೇ ಎಣಿಸಿ ನೋಡಿ.