ಊರಿಗೆ ಬಂದವಳು ಎರಡನೇ ಸಲ ಬಂದಾಗ

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?’ ತಪ್ಪಿಸಿಕೊಂಡು ತಿರುಗುವವನು ಇಂದಲ್ಲ ನಾಳೆ ಕೈಗೆ ಸಿಕ್ಕೇ ಸಿಗುತ್ತಾನೆ ಎಂಬ ಧೈರ್ಯಕ್ಕೆ ಈ ಗಾದೆಯನ್ನು ಹೇಳುತ್ತೇವೆ. ಹೊಸಬರನ್ನು ನೋಡಲು ಆತುರಪಡುವವರಿಗೆ ಸ್ವಲ್ಪ ತಾಳಿ ಎನ್ನಲೂ ಹೇಳುತ್ತೇವೆ. ಬಾವಿಕಟ್ಟೆಯಲ್ಲಿ ಕೊಡ ಹಿಡಿದು ನಿಂತ ಹೆಂಗಸರ ಬಾಯಲ್ಲೇ ಇದು ಹುಟ್ಟಿರಬೇಕು. ಅತ್ತೆಯ ಎದುರು ತಲೆ ತಗ್ಗಿಸಿ ಓಡಾಡುವ ಸೊಸೆಯನ್ನು ಊರು ಅಳೆಯುವುದು ಅಲ್ಲಿ. ಹಗ್ಗ ಹೇಗೆ ಸೇದುತ್ತಾಳೆ, ಸರದಿಗೆ ಕಾಯುತ್ತಾಳೋ ಇಲ್ಲವೋ, ಬಸುರಿ ಹೆಂಗಸಿನ ಕೊಡ ಎತ್ತಿಕೊಡಲು ಕೈ ಚಾಚುತ್ತಾಳೋ ಎಂದೆಲ್ಲ.

ಆದರೆ ಆ ಸೊಸೆ ತವರಿಗೆ ಹೋಗುತ್ತಾಳೆ, ಮರಳಿಯೂ ಬರುತ್ತಾಳೆ. ಗಾದೆ ಇದನ್ನು ಹೇಳದೆ ಬಿಟ್ಟಿದೆ. ಮೊದಲ ಸಲ ಅವಳನ್ನು ಕರೆತಂದದ್ದು ಹಿರಿಯರ ನಿಶ್ಚಯ. ಎರಡನೇ ಸಲ ಬಾವಿಯ ಆಳ, ಹಗ್ಗದ ಉರಿ, ಎಲ್ಲ ಗೊತ್ತಿದ್ದೇ ಬರುತ್ತಾಳೆ. ದೂರದ ದೇಶದ ಹಳ್ಳಿಯಲ್ಲಿ ಸ್ವಯಂಸೇವೆಗೆ ನಿಂತವರು ರಜೆಯಲ್ಲಿ ಮನೆಗೆ ಬಂದು ಮತ್ತೆ ಹೊರಡುವಾಗ ಪಡುವ ಕಷ್ಟವೂ ಈ ಎರಡನೇ ಬರವಿನದೇ.

ಪರದೇಶವಾಸದ ಬಗ್ಗೆ ಅಧ್ಯಯನ ಮಾಡಿದವರು ಇದನ್ನು ಹೆಚ್ಚು ಗಮನಿಸಿದಂತಿಲ್ಲ. ಅಮೆರಿಕಕ್ಕೆ ಫುಲ್‌ಬ್ರೈಟ್ ನೆರವಿನಲ್ಲಿ ಹೋಗಿಬಂದ ನಾರ್ವೆಯವರನ್ನು ಮಾತಾಡಿಸಿ ಸ್ವೆರ್ರೆ ಲಿಸ್ಗಾರ್ಡ್ 1955ರಲ್ಲಿ ಒಂದು ಗೆರೆ ಎಳೆದರು: ಮೊದಲು ಹುರುಪು, ನಡುವೆ ಕುಸಿತ, ಆಮೇಲೆ ಚೇತರಿಕೆ, ಯು ಅಕ್ಷರದ ಆಕಾರದಲ್ಲಿ. ಸ್ವದೇಶಕ್ಕೆ ಮರಳಿದ ಮೇಲೂ ಅದೇ ಇಳಿತ, ಅದೇ ಏರಿಕೆ ಇರುತ್ತದೆಂದು ಗಲ್ಲಾಹಾರ್ನ್ ದಂಪತಿ 1963ರಲ್ಲಿ ತೋರಿಸಿದಾಗ ಅದು ಡಬ್ಲ್ಯು ಆಯಿತು. ಒಳ್ಳೆಯ ಕೆಲಸವೇ. ಆದರೆ ಆ ಗೆರೆಯಲ್ಲಿ ಹೋಗುವುದು ಒಂದು ಸಲ, ಮರಳುವುದು ಒಂದು ಸಲ. ನಡುವೆ ಕೆಲವು ವಾರ ಅಮ್ಮನ ಕೈಯೂಟ ಉಂಡು ಮತ್ತೆ ವಿಮಾನ ಹತ್ತಿದವಳನ್ನು ಅದರ ಮೇಲೆ ಎಲ್ಲಿ ಇಡಬೇಕು?

ಮಲಾವಿಯ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದಾಗ ನಾನು ಸಂಕ್ರಾಂತಿಗೆ ಊರಿಗೆ ಬಂದಿದ್ದೆ. ನಮಗದು ಸುಗ್ಗಿ, ಎಳ್ಳು ಬೆಲ್ಲ, ಕಬ್ಬು, ಅವರೆಕಾಳಿನ ಹುಳಿ. ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ಲಿಲೊಂಗ್ವೆ. ಇಳಿದರೆ ಅಲ್ಲಿ ಹಸಿವಿನ ತಿಂಗಳು. ನವೆಂಬರಿನಲ್ಲಿ ಶುರುವಾದ ಮಳೆಗೆ ಮೆಕ್ಕೆಜೋಳ ಆಳೆತ್ತರ ನಿಂತಿರುತ್ತದೆ, ಕೊಯ್ಲಿಗೆ ಮಾತ್ರ ಏಪ್ರಿಲ್ ಬರಬೇಕು. ಹಿಂದಿನ ವರ್ಷದ ಕಣಜ ಜನವರಿ, ಫೆಬ್ರುವರಿಗೆ ಬರಿದಾಗುತ್ತದೆ. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು, ಮನೆಯೊಳಗೆ ಒಂದೇ ಹೊತ್ತಿನ ನ್ಸಿಮಾ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಕೆಲವು ಮನೆಗಳಲ್ಲಿ ಬರೀ ತೌಡಿನ ಮುದ್ದೆ. ನನ್ನನ್ನು ಕಂಡವರೆಲ್ಲ ‘ಮೈ ತುಂಬಿಕೊಂಡು ಬಂದಿದ್ದೀರಿ’ ಎಂದು ಸಂತೋಷಪಟ್ಟರು. ಅಲ್ಲಿ ಅದು ಮೆಚ್ಚುಗೆ, ತಾಯಿಯ ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರು ಎಂಬ ಒಪ್ಪಿಗೆ. ಅದನ್ನು ಕೇಳಿ ನಗುವುದು ನನಗೆ ಬಹಳ ಕಷ್ಟವಾಯಿತು.

ಇಲ್ಲಿ ಗಾದೆಯ ಪ್ರಶ್ನೆ ಬೇರೆಯೇ ಆಗಿಬಿಡುತ್ತದೆ. ಸೊಸೆಗೆ ನೀರಿಗೆ ಹೋಗದೆ ಗತಿಯಿರಲಿಲ್ಲ. ಸ್ವಯಂಸೇವಕಿಗೆ ಇದೆ. ಊರಿನ ಹುಡುಗಿಯೊಬ್ಬಳಿಗೆ ನಾಲ್ಕು ಕಾಸು ಕೊಟ್ಟರೆ ಬಾಗಿಲಿಗೆ ಬಕೆಟ್ ಬರುತ್ತದೆ. ಕೆಲಸ ಮುಗಿಸಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮನೆಯವರ ಮುಖ ನೋಡುತ್ತ ಕೂರಬಹುದು. ಹಾಗಾದರೆ ಊರಿಗೆ ಬಂದವಳು ನೀರಿಗೆ ಬಾರದೆಯೂ ಇರಬಹುದು! ಮನಸ್ಸು ಹದಕ್ಕೆ ಬರಲಿ, ಆಮೇಲೆ ಜನರ ನಡುವೆ ಹೋದರಾಯಿತು ಎಂದು ಬಹಳ ಮಂದಿ ಮರಳಿದ ಮೊದಲ ವಾರಗಳನ್ನು ಹೀಗೆ ಕಳೆಯುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ಮೊದಲು ನೀರು, ಮನಸ್ಸು ಆಮೇಲೆ ಎಂಬುದು ನನ್ನ ನಂಬಿಕೆ.

ಏಕೆಂದರೆ ನಾವಿಲ್ಲದಾಗ ಊರು ನಿಂತಿರುವುದಿಲ್ಲ. ಕೈಪಂಪಿನ ಬಳಿ ಬಕೆಟ್ ಸಾಲಿನಲ್ಲಿಟ್ಟು ನಿಂತ ಮೊದಲ ಬೆಳಿಗ್ಗೆಯೇ ನನಗೆ ಗೊತ್ತಾದದ್ದು, ದಿನವೂ ನನ್ನ ಹಿಂದೆ ನಿಲ್ಲುತ್ತಿದ್ದ ಅಜ್ಜಿ ತೀರಿಕೊಂಡಿದ್ದಾರೆಂದು. ಮಲಾವಿಯ ಹಳ್ಳಿಯಲ್ಲಿ ಸಾವಿನ ಮನೆಗೆ ಹೋಗದಿರುವುದು ದೊಡ್ಡ ಲೋಪ. ದೂರದಲ್ಲಿದ್ದವರು ಮರಳಿದ ಮೇಲಾದರೂ ಹೋಗಿ ಕೂತು ಬರಬೇಕು. ನಮ್ಮೂರಲ್ಲೂ ತಡವಾಗಿ ಸುದ್ದಿ ತಿಳಿದವರು ‘ಮಾತಾಡಿಸಿಕೊಂಡು ಬರ್ತೀನಿ’ ಎಂದು ಹೊರಡುವುದಿಲ್ಲವೇ? ಚಿಟೆಂಜೆ ಬಟ್ಟೆ ಸುತ್ತಿಕೊಂಡು ಅಜ್ಜಿಯ ಮಗಳ ಪಕ್ಕ ನೆಲದ ಮೇಲೆ ಕೂತೆ. ಹೆಚ್ಚು ಮಾತಾಡಲಿಲ್ಲ. ಊರಿನಿಂದ ತಂದ ಪೆಟ್ಟಿಗೆ ಇನ್ನೂ ಬಿಚ್ಚಿರಲಿಲ್ಲ, ಮನೆಯ ನೆನಪಿನ ಭಾರವೂ ಇಳಿದಿರಲಿಲ್ಲ. ಆದರೂ ಅಷ್ಟು ಹೊತ್ತು ನಾನು ಪೂರ್ತಿಯಾಗಿ ಅಲ್ಲೇ ಇದ್ದೆ.

ಕೆಲಸವೂ ಹಾಗೆಯೇ ಎಳೆದುಕೊಂಡಿತು. ಆ ತಿಂಗಳುಗಳಲ್ಲಿ ಮಕ್ಕಳ ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತಿ ನೋಡುತ್ತೇವೆ. 115 ಮಿಲಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಬೇರೆ ತೊಡಕಿಲ್ಲದೆ ಹಸಿವಾಗಿ ತಿನ್ನುವ ಮಗುವಿಗೆ ವಾರಕ್ಕಾಗುವಷ್ಟು ಕಡಲೆಕಾಯಿ ಪೇಸ್ಟಿನ ಪೊಟ್ಟಣ ಕೊಟ್ಟು ಮನೆಗೇ ಕಳಿಸುತ್ತೇವೆ. ಮುಂದಿನ ವಾರ ಆ ತಾಯಿ ಬರದಿದ್ದರೆ ಏನಾಯಿತೆಂದು ತಿಳಿಯುವುದು ರಿಜಿಸ್ಟರಿನಿಂದಲ್ಲ, ಪಂಪಿನ ಹತ್ತಿರದ ಮಾತಿನಿಂದ. ಬಾಗಿಲಿಗೆ ಬಕೆಟ್ ತರಿಸಿಕೊಳ್ಳುವ ನರ್ಸ್‌ಗೆ ಆ ಮಾತು ಸಿಗುವುದಿಲ್ಲ.

ಸಾಲಿನಲ್ಲಿ ನಿಂತವರ ಪಾಲೂ ಇದರಲ್ಲಿದೆ. ಸ್ವಯಂಸೇವಕರು ಬರುತ್ತಾರೆ, ಅವಧಿ ಮುಗಿದೊಡನೆ ಹೋಗುತ್ತಾರೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 1964ರಲ್ಲಿ ಸ್ವತಂತ್ರವಾಗುವ ಮೊದಲೇ ಅಮೆರಿಕದ ಪೀಸ್ ಕೋರ್‌ನ ತರುಣ ಶಿಕ್ಷಕರನ್ನು ಕಂಡ ನಾಡು ಅದು. ಹಾಗಾಗಿ ತಾಯಿಯ ಮನೆ ನೋಡಿಬಂದವಳನ್ನು ಅವರು ಬೇರೆ ಕಣ್ಣಿನಿಂದ ನೋಡುತ್ತಾರೆ. ಅಮ್ಮ ಹೇಗಿದ್ದಾರೆ, ನಿಮ್ಮಲ್ಲಿ ಮಳೆಯಾಯಿತೇ, ನಿಮ್ಮನ್ನು ಮತ್ತೆ ಬಿಟ್ಟುಕೊಟ್ಟರೇ ಎಂದು ಕೇಳಿದರು. ಮೊದಲ ವರ್ಷ ನನ್ನ ಎದುರು ಯಾರೂ ಎತ್ತದಿದ್ದ ಒಂದು ವಿಷಯವೂ ಆಗ ಹೊರಬಂತು: ಪಂಪ್ ರಿಪೇರಿಗೆಂದು ಮನೆಮನೆಯಿಂದ ಎತ್ತುವ ವಂತಿಗೆಯ ಜಗಳ. ಯಾರು ಕೊಟ್ಟಿಲ್ಲ, ಯಾರು ಕೊಟ್ಟರೂ ಬರೆದುಕೊಂಡಿಲ್ಲ ಎಂದು ಎರಡೂ ಕಡೆಯವರು ನನ್ನ ಮುಂದೆಯೇ ಕೂಗಾಡಿದರು. ಮುಂದಿನ ತಿಂಗಳಿಂದ ಲೆಕ್ಕದ ಪುಸ್ತಕ ನೀವೇ ಬರೆಯಿರಿ ಎಂದು ನೀರಿನ ಸಮಿತಿಯವರು ಅದನ್ನು ನನ್ನ ಕೈಗೆ ಕೊಟ್ಟರು.